ಸಂಹಿತೆ ಬಿಗಿಯಾಯಿತು, ಅಳೆದು ನೋಡುವವರಾರು?

ಮಾನ್ಯ ಸಂಪಾದಕರೇ,

ವಾಣಿಜ್ಯ ಕಟ್ಟಡಗಳ ಇಂಧನ ದಕ್ಷತಾ ಸಂಹಿತೆ ಪರಿಷ್ಕರಣೆಗೊಂಡಾಗಲೆಲ್ಲ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ. ಗೋಡೆ, ಚಾವಣಿ, ಗಾಜಿನ ಅಂಕಿಗಳು ಎಷ್ಟು ಬಿಗಿಯಾದವು? ಕಟ್ಟುವ ಖರ್ಚು ಎಷ್ಟು ಏರುತ್ತದೆ? ಎರಡೂ ಕೇಳಬೇಕಾದವೇ. ಆದರೆ ಹೊಸ ಆವೃತ್ತಿಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ಓದಿದರೆ ಕಣ್ಣಿಗೆ ಬೀಳುವ ಸಂಗತಿ ಇನ್ನೊಂದಿದೆ: ಕಟ್ಟಡ ಎದ್ದ ಮೇಲೆ ಮಾಡಬೇಕಾದ ಪರೀಕ್ಷೆಗಳ ಭಾಗ ದಪ್ಪವಾಗುತ್ತ ಬಂದಿದೆ. ನಕ್ಷೆ ಮಂಜೂರಾತಿಯ ಹೊತ್ತಿಗೆ ಎಲ್ಲರೂ ಸಂಹಿತೆ ಓದುತ್ತಾರೆ. ಕಟ್ಟಡ ಕೈಗೊಪ್ಪಿಸುವ ವಾರದಲ್ಲಿ ಆ ಪುಸ್ತಕ ಯಾರ ಮೇಜಿನ ಮೇಲೂ ಇರುವುದಿಲ್ಲ. ಲೆಕ್ಕದಲ್ಲಿ ತೋರಿಸಿದ ಉಳಿತಾಯ ಕರಗುವುದು ಅಲ್ಲೇ. ಹೇಗೆ ಎಂಬುದನ್ನು ಕೆಲಸದ ವಿವರಗಳೊಂದಿಗೆ ಓದುಗರ ಮುಂದಿಡಲು ಈ ಪತ್ರ.

ಹಿನ್ನೆಲೆ ಚುಟುಕಾಗಿ. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ, 1975ರಲ್ಲಿ, ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಘ ಆಶ್ರೇ ತನ್ನ 90ನೇ ಮಾನಕ ಹೊರತಂದಿತು. ಅದರ ಸಂತತಿಯಾದ 90.1 ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ; ಹಲವು ದೇಶಗಳ ಸಂಹಿತೆಗಳು ಅದನ್ನು ಎದುರಿಗಿಟ್ಟುಕೊಂಡೇ ರೂಪುಗೊಂಡಿವೆ. ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ (ಇಸಿಬಿಸಿ) ಬಂತು, 2017ರಲ್ಲಿ ಪರಿಷ್ಕೃತವಾಯಿತು. 2022ರಲ್ಲಿ ಕಾಯ್ದೆಗೇ ತಿದ್ದುಪಡಿಯಾಗಿ, 2024ರಲ್ಲಿ ಸುಸ್ಥಿರತೆಯನ್ನೂ ಒಳಗೊಂಡ ಹೊಸ ಸಂಹಿತೆ ಸಿದ್ಧವಾಯಿತು. ಎಲ್ಲಿನದೇ ಇರಲಿ, ಎಲುಬಿನ ಗೂಡು ಒಂದೇ: ಹೊರಕವಚ, ಹವಾನಿಯಂತ್ರಣ, ಬಿಸಿನೀರು, ಬೆಳಕು, ವಿದ್ಯುತ್ ವ್ಯವಸ್ಥೆ. ಪಾಲನೆಗೂ ಎರಡು ಮುಖ್ಯ ದಾರಿ. ಪಟ್ಟಿಯಲ್ಲಿರುವ ಅಂಕಿಗಳನ್ನು ಒಂದೊಂದಾಗಿ ಪಾಲಿಸುವುದು ಒಂದು. ಇಡೀ ಕಟ್ಟಡದ ಕಂಪ್ಯೂಟರ್ ಮಾದರಿ ಮಾಡಿ ಒಟ್ಟು ಬಳಕೆ ಮಿತಿಯೊಳಗಿದೆ ಎಂದು ತೋರಿಸುವುದು ಇನ್ನೊಂದು.

ಮೊದಲು ಗೋಡೆ. ಪ್ರತಿ ಚದರ ಮೀಟರ್‌ನಲ್ಲಿ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವಾಟ್ ಶಾಖ ದಾಟುತ್ತದೆ ಎನ್ನುವುದೇ ಯು ಮೌಲ್ಯ. ನಕ್ಷೆಯಲ್ಲಿ 0.4 ಎಂದಿದೆ ಎನ್ನಿ. ಅಂತಸ್ತಿನ ಎತ್ತರ 3 ಮೀಟರ್ ಆದರೆ, ಒಂದು ಮೀಟರ್ ಅಗಲದ ಗೋಡೆಯಿಂದ ಡಿಗ್ರಿಗೆ 1.2 ವಾಟ್ ದಾಟಬೇಕು. ಆದರೆ ಆ ಅಂತಸ್ತಿನ ಕಾಂಕ್ರೀಟ್ ಸ್ಲ್ಯಾಬ್, ಶಾಖ ತಡೆಯುವ ಇನ್ಸುಲೇಷನ್ ಪದರವನ್ನು ಸೀಳಿಕೊಂಡು ಹೊರಗಿನ ಸಜ್ಜೆಯವರೆಗೆ ಹೋಗಿರುತ್ತದೆ. ಇದೇ ಉಷ್ಣ ಸೇತುವೆ. ಹೀಗೆ ಬೆತ್ತಲೆಯಾಗಿ ಬಿಟ್ಟ ಸ್ಲ್ಯಾಬ್ ಅಂಚಿನಲ್ಲಿ ಮೀಟರ್ ಉದ್ದಕ್ಕೆ, ಡಿಗ್ರಿಗೆ 0.8 ವಾಟ್ ಹೆಚ್ಚುವರಿಯಾಗಿ ದಾಟುವುದು ಅಪರೂಪವೇನಲ್ಲ. ಒಟ್ಟು 2.0 ವಾಟ್ ಆಯಿತು. 3 ಚದರ ಮೀಟರ್‌ಗೆ ಹಂಚಿದರೆ ಗೋಡೆಯ ನಿಜವಾದ ಯು ಮೌಲ್ಯ 0.67. ಇನ್ಸುಲೇಷನ್ ಸರಿಯಾದ ದಪ್ಪದ್ದೇ, ಅಂಟಿಸಿದ್ದೂ ಚೆನ್ನಾಗಿಯೇ. ಹಾಗಿದ್ದೂ ಗೋಡೆ ಮೂರನೆಯ ಎರಡರಷ್ಟು ಕೆಟ್ಟದಾಗಿ ಕೆಲಸ ಮಾಡುತ್ತಿದೆ. ಇನ್ಸುಲೇಷನ್ ದಪ್ಪವನ್ನು ಇಮ್ಮಡಿ ಮಾಡಿದರೂ ಈ 0.8 ಹಾಗೆಯೇ ಉಳಿಯುತ್ತದೆ. 90.1ರ 2022ರ ಆವೃತ್ತಿಯಲ್ಲಿ ಉಷ್ಣ ಸೇತುವೆಗೆಂದೇ ಪ್ರತ್ಯೇಕ ನಿಯಮ ಬಂದಿರುವುದು ಈ ಕಾರಣಕ್ಕೆ. ಪರಿಹಾರ ನಕ್ಷೆಯ ಹಂತದಲ್ಲೇ ಆಗಬೇಕು: ಇನ್ಸುಲೇಷನ್ ಸ್ಲ್ಯಾಬ್ ಅಂಚಿನ ಮುಂದಿನಿಂದ ಎಡೆಬಿಡದೆ ಹಾಯಬೇಕು, ಸಜ್ಜೆಯನ್ನು ಬಿಡಿಬಿಡಿ ಬ್ರಾಕೆಟ್‌ಗಳ ಮೇಲೆ ಕೂರಿಸಬೇಕು.

ಗಾಜಿನದೂ ಇದೇ ಕಥೆ. ಮಾರುವವರು ಕೊಡುವ ಹಾಳೆಯಲ್ಲಿ ಗಾಜಿನ ನಡುಭಾಗದ ಅಂಕಿ ಇರುತ್ತದೆ, ಸಂಹಿತೆ ಕೇಳುವುದು ಚೌಕಟ್ಟೂ ಸೇರಿದ ಇಡೀ ಕಿಟಕಿಯ ಅಂಕಿ. ಗಾಜಿನ ಯು ಮೌಲ್ಯ 1.6, ಉಷ್ಣ ತಡೆ ಇಲ್ಲದ ಅಲ್ಯೂಮಿನಿಯಂ ಚೌಕಟ್ಟು 7, ಚೌಕಟ್ಟಿನ ಪಾಲು ಶೇ 15 ಎಂದಿಟ್ಟುಕೊಂಡರೆ ಒಟ್ಟು 2.4 ದಾಟುತ್ತದೆ, ಗಾಜಿನ ಅಂಚಿನ ಪಟ್ಟಿಯ ನಷ್ಟ ಇದರ ಮೇಲೆ. ಹಾಳೆಯ ಮೇಲೆ ‘ನಡುಭಾಗ’ ಎಂಬ ಪದ ಇದೆಯೇ ಎಂದು ನೋಡಿದರೆ ಸಾಕು, ಅರ್ಧ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಗಾಳಿ ಸೋರಿಕೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ. ಕಣ್ಣಿಗೆ ಕಾಣದ್ದರಿಂದ ಇದಕ್ಕೆ ಹೇಳುವವರು ಕೇಳುವವರು ಇಲ್ಲ. ದೊಡ್ಡ ಫ್ಯಾನ್‌ಗಳಿಂದ ಕಟ್ಟಡದೊಳಗೆ 75 ಪ್ಯಾಸ್ಕಲ್ ಒತ್ತಡ ತಂದು, ಅದನ್ನು ಹಾಗೇ ಹಿಡಿದಿಡಲು ಎಷ್ಟು ಗಾಳಿ ಊದಬೇಕಾಯಿತು ಎಂದು ಅಳೆಯುವುದೇ ಪರೀಕ್ಷೆ. ಹೊರಕವಚದ ಪ್ರತಿ ಚದರ ಮೀಟರ್‌ಗೆ ಸೆಕೆಂಡಿಗೆ ಸುಮಾರು 2 ಲೀಟರ್ ಎಂಬ ಮಿತಿ 90.1ರಲ್ಲಿ ಬಹುಕಾಲ ಇತ್ತು, 2022ರ ಆವೃತ್ತಿ ಅದನ್ನು ಸುಮಾರು 1.8ಕ್ಕೆ ಇಳಿಸಿತು. 50 ಮೀಟರ್ ಉದ್ದ, 20 ಮೀಟರ್ ಅಗಲ, 12 ಮೀಟರ್ ಎತ್ತರದ ಕಟ್ಟಡ ತೆಗೆದುಕೊಳ್ಳಿ. ನೆಲ, ಚಾವಣಿ, ನಾಲ್ಕು ಗೋಡೆ ಸೇರಿ 3,680 ಚದರ ಮೀಟರ್. 2 ಲೀಟರ್ ಮಿತಿಯಲ್ಲಿ ಸೆಕೆಂಡಿಗೆ 7,360 ಲೀಟರ್ ಸೋರಬಹುದು. ಕಟ್ಟಡದ ಎಲ್ಲ ಬಿರುಕುಗಳನ್ನೂ ಒಂದೆಡೆ ಗುಡ್ಡೆ ಹಾಕಿದರೆ ಇದು ಸರಿಸುಮಾರು 1.1 ಚದರ ಮೀಟರ್ ತೂತಿಗೆ ಸಮ. ಪರೀಕ್ಷೆಯಲ್ಲಿ ಪಾಸಾದ ಕಟ್ಟಡದ ಲೆಕ್ಕ ಇದು!

ಆ ತೂತು ಇರುವುದೆಲ್ಲಿ? ಕಿಟಕಿ ಸಂದಿನಲ್ಲಿ ಎಂದು ಎಲ್ಲರೂ ಊಹಿಸುತ್ತಾರೆ. ಅಲ್ಲೂ ಇರುತ್ತದೆ, ಆದರೆ ದೊಡ್ಡ ಪಾಲು ಬೇರೆಡೆ: ಗೋಡೆ ಮುಗಿದು ಪ್ಯಾರಪೆಟ್ ಶುರುವಾಗುವ ಜಾಗ, ಲಿಫ್ಟ್ ಗುಂಡಿಯ ನೆತ್ತಿ, ಫಾಲ್ಸ್ ಸೀಲಿಂಗ್ ಮೇಲೆ ಗಿಲಾವು ಮಾಡದೆ ಬಿಟ್ಟ ಗೋಡೆ, ಎ.ಸಿ. ಗಾಳಿ ಸಾಗಿಸುವ ಡಕ್ಟ್ ಮತ್ತು ಕೇಬಲ್ ಟ್ರೇ ತೂರಿದ ಕಂಡಿಗಳು, ಸರಕು ಇಳಿಸುವ ಕಡೆಯ ಶಟರ್. ಗೋಡೆ ಗುತ್ತಿಗೆದಾರ ತನ್ನ ಪದರವನ್ನು ಪ್ಯಾರಪೆಟ್ ಬುಡದವರೆಗೆ ತಂದು ನಿಲ್ಲಿಸುತ್ತಾನೆ. ಚಾವಣಿಯವನು ತನ್ನದನ್ನು ಒಳಗಡೆಯಿಂದ ತಂದು ನಿಲ್ಲಿಸುತ್ತಾನೆ. ನಡುವಿನ ಒಂದು ಗೇಣು ಯಾರ ಬಿಲ್ಲಿನಲ್ಲೂ ಇಲ್ಲ. ನಕ್ಷೆಯ ಛೇದಚಿತ್ರದ ಮೇಲೆ ಪೆನ್ಸಿಲ್ ಎತ್ತದೆ ಗಾಳಿ ತಡೆ ಪದರದ ಗೆರೆಯನ್ನು ಕಟ್ಟಡದ ಸುತ್ತ ಪೂರ್ತಿ ಎಳೆಯಲು ಬರಬೇಕು. ಪೆನ್ಸಿಲ್ ಎಲ್ಲಿ ಎತ್ತಬೇಕಾಯಿತೋ ಅಲ್ಲೇ ಸೋರುತ್ತದೆ.

ಪರೀಕ್ಷೆಯ ಕ್ರಮ ಕಷ್ಟದ್ದೇನಲ್ಲ, ಆದರೆ ತಯಾರಿ ತಪ್ಪಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಒಳಬಾಗಿಲುಗಳನ್ನೆಲ್ಲ ತೆರೆದಿಡಬೇಕು. ಹೊರಗಾಳಿಯ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ ಟೇಪ್ ಸುತ್ತಬೇಕು. ನೆಲದ ಚರಂಡಿ ಕೊಳವೆಯಲ್ಲಿ ನೀರು ನಿಲ್ಲುವ ಬಾಗಾದ ಟ್ರ್ಯಾಪ್‌ಗಳಿಗೆ ನೀರು ತುಂಬಬೇಕು. ಒಣಗಿದ ಟ್ರ್ಯಾಪ್ ಸೋರಿಕೆಯ ಲೆಕ್ಕ ಕೆಡಿಸುವುದಲ್ಲದೆ ಚರಂಡಿಯ ವಾಸನೆಯನ್ನೂ ಮೇಲೆ ತರುತ್ತದೆ. ಫಾಲ್ಸ್ ಸೀಲಿಂಗ್‌ನ ಒಂದಷ್ಟು ಟೈಲ್ ತೆಗೆದಿಡದಿದ್ದರೆ ಒತ್ತಡಕ್ಕೆ ಅವು ಹಾರಿ ಬೀಳುತ್ತವೆ. ಗಾಳಿ ಜೋರಾಗಿ ಬೀಸುವ ದಿನ ಅಳತೆ ನಿಲ್ಲುವುದಿಲ್ಲ. ಒಳಗೆ ಊದಿ ಒಮ್ಮೆ, ಹೊರಗೆ ಎಳೆದು ಒಮ್ಮೆ, ಎರಡೂ ಬಾರಿ ಅಳೆಯುವುದು ಒಳ್ಳೆಯದು. ಒಂದು ದಿಕ್ಕಿಗೆ ಮುಚ್ಚಿಕೊಳ್ಳುವ ಪಟ್ಟಿ ಇನ್ನೊಂದು ದಿಕ್ಕಿಗೆ ತೆರೆದುಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸೋರಿಕೆ ಮಿತಿ ಮೀರಿದರೂ ತೀರಾ ಹೆಚ್ಚು ಮೀರದಿದ್ದರೆ, ಹೊಗೆ ಬಿಟ್ಟೋ ಇನ್ಫ್ರಾರೆಡ್ ಕ್ಯಾಮೆರಾದಿಂದಲೋ ಸೋರುವ ಜಾಗ ಹುಡುಕಿ, ‘ಕಟ್ಟಿದ್ದನ್ನು ಒಡೆಯದೆ’ ಮುಚ್ಚಲು ಬರುವುದನ್ನು ಮುಚ್ಚಿ ವರದಿ ಕೊಟ್ಟರೆ ಸಾಕು ಎಂಬ ರಿಯಾಯಿತಿಯನ್ನು 90.1 ಇಟ್ಟುಕೊಂಡು ಬಂದಿದೆ. ಗೋಡೆಯ ಹೊರಹೊದಿಕೆ (ಕ್ಲ್ಯಾಡಿಂಗ್), ಸೀಲಿಂಗ್, ಬಣ್ಣ ಎಲ್ಲ ಮುಗಿದ ಮೇಲೆ ಪರೀಕ್ಷಿಸಿದರೆ ಒಡೆಯದೆ ಮುಚ್ಚಲು ಬರುವುದು ಏನೂ ಉಳಿದಿರುವುದಿಲ್ಲ. ಸೋರಿಕೆ ಗೋಡೆಯೊಳಗೆ, ವರದಿ ಕಡತದೊಳಗೆ. ಆದ್ದರಿಂದ ಗಾಳಿ ತಡೆ ಪದರ ಪೂರ್ಣಗೊಂಡು, ಅದಿನ್ನೂ ಕೈಗೆ ಸಿಗುವ ಹಂತದಲ್ಲೇ ಒಮ್ಮೆ ಪರೀಕ್ಷಿಸಬೇಕು. ಇಡೀ ಕಟ್ಟಡ ಸಿದ್ಧವಿಲ್ಲದಿದ್ದರೆ ಒಂದು ಅಂತಸ್ತನ್ನಾದರೂ ಬೇರ್ಪಡಿಸಿ ನೋಡಬಹುದು. ಆ ದಿನ ಸೀಲೆಂಟ್ ಗನ್ ಹಿಡಿದ ಇಬ್ಬರು ಸ್ಥಳದಲ್ಲಿದ್ದರೆ ಸಂಜೆಯೊಳಗೆ ಅಂಕಿ ಇಳಿಯುತ್ತದೆ.

ಬೆಳಕಿನ ನಿಯಮಗಳಲ್ಲಿ ವಾಟ್ ಮಿತಿ ಪಾಲಿಸುವುದು ಈಗ ಸುಲಭ, ಎಲ್‌ಇಡಿ ಬಂದ ಮೇಲೆ ಅದರಲ್ಲಿ ಎಡವುವವರು ಕಡಿಮೆ. ಎಡವುವುದು ನಿಯಂತ್ರಣದಲ್ಲಿ. ಜನ ಹೋದ 20 ನಿಮಿಷದೊಳಗೆ ದೀಪ ಆರಬೇಕು, ಕಿಟಕಿ ಪಕ್ಕದ ದೀಪ ಹಗಲಿನಲ್ಲಿ ತಾನೇ ಮಂಕಾಗಬೇಕು ಎನ್ನುತ್ತದೆ 90.1. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅಷ್ಟು ಆಳದವರೆಗಿನ ಜಾಗ ಮೊದಲ ಹಗಲು ವಲಯ. ಅದರಾಚೆಗೆ ಅಷ್ಟೇ ಆಳದ್ದು ಎರಡನೆಯದು. ಮೇಲಂಚು 2.7 ಮೀಟರ್ ಎತ್ತರದಲ್ಲಿದ್ದರೆ ಮೊದಲ 2.7 ಮೀಟರ್‌ನ ದೀಪಗಳು ಒಂದು ಸರ್ಕ್ಯೂಟ್‌ನಲ್ಲಿ, ಮುಂದಿನವು ಇನ್ನೊಂದರಲ್ಲಿ ಇರಬೇಕು. ಎಲೆಕ್ಟ್ರಿಷಿಯನ್ ಮಾತ್ರ ಸೀಲಿಂಗ್‌ನ ಉದ್ದ ನೋಡಿಕೊಂಡು, ಗೋಡೆಗೆ ಅಡ್ಡಲಾಗಿ ಒಂದೇ ಸಾಲು ಎಳೆದಿರುತ್ತಾನೆ. ಆಗ ಕಿಟಕಿ ಬಳಿಯ ಬೆಳಕು ನೋಡಿ ಸಾಲು ಮಂಕಾದರೆ ಒಳಗಿನ ಮೇಜು ಕತ್ತಲಾಗುತ್ತದೆ, ಎರಡನೇ ದಿನವೇ ದೂರು, ಮೂರನೇ ದಿನ ಸೆನ್ಸರ್ ಮೇಲೆ ಟೇಪ್.

ಸರ್ಕ್ಯೂಟ್ ಸರಿಯಿದ್ದರೂ ಸೆನ್ಸರ್ ಹೊಂದಿಸುವ ದಿನ ತಪ್ಪಿರುತ್ತದೆ. ಸೀಲಿಂಗ್‌ನಲ್ಲಿರುವ ಸೆನ್ಸರ್ ನೋಡುವುದು ಮೇಜಿನಿಂದ, ನೆಲದಿಂದ ಪ್ರತಿಫಲಿಸಿ ಮೇಲೇರುವ ಬೆಳಕನ್ನು. ಬರಿಯ ಬೂದು ಕಾಂಕ್ರೀಟ್ ನೆಲವಿದ್ದಾಗ ಹೊಂದಿಸಿ ಹೋದರೆ, ಬಿಳಿ ಮೇಜುಗಳು ಬಂದ ಕೂಡಲೇ ಅದಕ್ಕೆ ಬೆಳಕು ಜಾಸ್ತಿಯಾದಂತೆ ಕಾಣುತ್ತದೆ. ಅಗತ್ಯಕ್ಕಿಂತ ಮಂಕು ಮಾಡುತ್ತದೆ. ಕಪ್ಪು ಕಾರ್ಪೆಟ್ ಬಂದರೆ ತಿರುಗುಮುರುಗು, ದೀಪ ಮಂಕಾಗುವುದೇ ಇಲ್ಲ. ಕುರ್ಚಿ, ಮೇಜು, ಕಿಟಕಿ ಪರದೆ ಬಂದ ಮೇಲೆಯೇ ಹೊಂದಿಸಬೇಕು. ರಾತ್ರಿ ದೀಪ ಮಾತ್ರ ಉರಿಸಿ ಮೇಜಿನ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ ಇಟ್ಟು ಗುರಿ ಎಷ್ಟೆಂದು ಬರೆದುಕೊಳ್ಳಿ, 500 ಲಕ್ಸ್ ಎನ್ನಿ. ಮರುದಿನ ಹಗಲಿನಲ್ಲಿ, ದೀಪ ಮಂಕಾದ ಸ್ಥಿತಿಯಲ್ಲಿ, ಅದೇ ಜಾಗದಲ್ಲಿ ಅಳೆಯಿರಿ, 500ಕ್ಕಿಂತ ಇಳಿಯಬಾರದು. ಮೋಡ ಹಾದುಹೋದಾಗಲೆಲ್ಲ ದೀಪ ಕುಣಿಯದಂತೆ ಬದಲಾವಣೆಯನ್ನು ನಿಧಾನಕ್ಕೆ ಇಡಿ. ಸೆನ್ಸರ್‌ಗೆ ಬಟ್ಟೆ ಮುಚ್ಚಿದರೆ ದೀಪ ಪೂರ್ತಿ ಏರಬೇಕು, ಟಾರ್ಚ್ ಬಿಟ್ಟರೆ ಇಳಿಯಬೇಕು. ಈ ಕೊನೆಯ ಎರಡು ಪರೀಕ್ಷೆಗೆ ಎಂಜಿನಿಯರೇ ಬೇಕಿಲ್ಲ.

ಜನರ ಓಡಾಟ ಗುರುತಿಸುವ ಸೆನ್ಸರ್‌ನಲ್ಲೂ ಆಯ್ಕೆ ತಪ್ಪುತ್ತದೆ. ಇನ್ಫ್ರಾರೆಡ್ ಬಗೆಯದಕ್ಕೆ ನೇರ ನೋಟ ಬೇಕು, ಶೌಚಾಲಯದ ಅಡ್ಡಗೋಡೆಯಾಚೆ ಅದಕ್ಕೆ ಏನೂ ಕಾಣದು. ಅಲ್ಟ್ರಾಸಾನಿಕ್ ಬಗೆಯದನ್ನು ಎ.ಸಿ. ಗಾಳಿ ಬೀಳುವ ಬಾಯಿಯ ಪಕ್ಕ ಕೂರಿಸಿದರೆ ಖಾಲಿ ಕೋಣೆಯಲ್ಲೂ ಯಾರೋ ಇದ್ದಾರೆಂದು ದೀಪ ಉರಿಸುತ್ತಲೇ ಇರುತ್ತದೆ.

ಹವಾನಿಯಂತ್ರಣದಲ್ಲಿ ಒಂದೇ ಒಂದು ದೋಷವನ್ನು ಆರಿಸಿ ಹೇಳುವುದಾದರೆ ಅದು ಡಕ್ಟ್ ಒತ್ತಡದ್ದು. ಫ್ಯಾನ್ ವೇಗ ಶೇ 80ಕ್ಕೆ ಇಳಿದರೆ ವಿದ್ಯುತ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ, ವೇಗದ ಘನದ ಲೆಕ್ಕದಲ್ಲಿ. ಆದರೆ ಡಕ್ಟಿನಲ್ಲಿ ಇಂತಿಷ್ಟೇ ಒತ್ತಡ ಇರಬೇಕೆಂದು ಕಟ್ಟಿಹಾಕಿದ್ದರೆ ಈ ಲಾಭ ಪೂರ್ತಿ ಸಿಗುವುದಿಲ್ಲ. ಹಾಗಾಗಿ, ಪ್ರತಿ ವಲಯದ ಡ್ಯಾಂಪರ್ (ಡಕ್ಟಿನೊಳಗೆ ಗಾಳಿಯ ಹರಿವನ್ನು ಹೆಚ್ಚು ಕಡಿಮೆ ಮಾಡುವ ರೆಕ್ಕೆ) ಎಷ್ಟು ತೆರೆದಿದೆ ಎಂದು ನೋಡಿಕೊಂಡು ಒತ್ತಡದ ಗುರಿಯನ್ನು ತಾನಾಗಿ ಇಳಿಸುತ್ತ ಹೋಗುವ ವ್ಯವಸ್ಥೆಯನ್ನು ಸಂಹಿತೆ ಕೇಳುತ್ತದೆ. ಎಲ್ಲರೂ ಅದನ್ನು ಪ್ರೋಗ್ರಾಂನಲ್ಲಿ ಬರೆಯುತ್ತಾರೆ. ಆದರೂ ವರ್ಷವಿಡೀ ಒತ್ತಡ ಗರಿಷ್ಠದಲ್ಲೇ ನಿಂತಿರುತ್ತದೆ. ಕಾರಣ ಒಂದೇ ಒಂದು ಹಟಮಾರಿ ವಲಯ. ಅಲ್ಲಿ ಥರ್ಮೋಸ್ಟಾಟ್ ಜೆರಾಕ್ಸ್ ಯಂತ್ರದ ಪಕ್ಕದಲ್ಲಿರುತ್ತದೆ, ಇಲ್ಲವೇ ಯಾರೋ 18 ಡಿಗ್ರಿಗೆ ಇಟ್ಟಿರುತ್ತಾರೆ, ಇಲ್ಲವೇ ಫ್ಲೆಕ್ಸಿಬಲ್ ಡಕ್ಟ್ ಸೀಲಿಂಗ್ ಮೇಲೆ ಮಡಚಿಕೊಂಡಿರುತ್ತದೆ, ಇಲ್ಲವೇ ಬೆಂಕಿ ಬಿದ್ದಾಗ ಡಕ್ಟ್ ಮುಚ್ಚುವ ಫೈರ್ ಡ್ಯಾಂಪರ್ ಮುಚ್ಚಿಕೊಂಡಿರುವುದು ಯಾರಿಗೂ ಗೊತ್ತಿರುವುದಿಲ್ಲ. ಆ ವಲಯದ ಡ್ಯಾಂಪರ್ ಪೂರ್ತಿ ತೆರೆದು ‘ಸಾಲದು, ಸಾಲದು’ ಎಂದು ಕೂಗುತ್ತಲೇ ಇರುತ್ತದೆ. ಅದೊಂದರ ಕೂಗಿಗೆ ಇಡೀ ಫ್ಯಾನ್ ಓಡುತ್ತದೆ. ಒಂದು ವಾರದ ದಾಖಲೆ ತೆಗೆದು, ಶೇ 95ಕ್ಕಿಂತ ಹೆಚ್ಚು ತೆರೆದೇ ಇರುವ ಡ್ಯಾಂಪರ್‌ಗಳ ಪಟ್ಟಿ ಮಾಡಿದರೆ ಅಪರಾಧಿ ಸಿಗುತ್ತಾನೆ. ಸರಿಪಡಿಸುವವರೆಗೆ ಆ ವಲಯದ ಮತವನ್ನು ಲೆಕ್ಕದಿಂದ ಹೊರಗಿಡಬಹುದು.

ಒತ್ತಡದ ಸೆನ್ಸರ್ ಇರುವ ಜಾಗವೂ ಮುಖ್ಯ. ಫ್ಯಾನಿನ ಬಾಯಿಯಲ್ಲೇ ಕೂರಿಸಿದರೆ ತುದಿಯ ವಲಯಕ್ಕೆ ಗಾಳಿ ತಲುಪಿಸಲು ಗುರಿಯನ್ನು ವಿಪರೀತ ಏರಿಸಬೇಕಾಗುತ್ತದೆ. ಗುರಿ 300 ಪ್ಯಾಸ್ಕಲ್ ಮೀರದಂಥ ಜಾಗದಲ್ಲಿ ಸೆನ್ಸರ್ ಇರಬೇಕೆನ್ನುತ್ತದೆ 90.1. ಇನ್ನೊಂದು ಮಾತು, ಕಂಟ್ರೋಲ್ ರೂಮಿನವರಿಗೆ: ಪರದೆಯ ಮೇಲೆ ಡ್ಯಾಂಪರ್ ಶೇ 100 ಎಂದು ತೋರಿಸುವುದು ಬಹುಪಾಲು ಕಡೆ ಕೊಟ್ಟ ಆಜ್ಞೆ ಮಾತ್ರ. ಮೋಟಾರು ತಿರುಗಿ, ಸ್ಕ್ರೂ ಸಡಿಲವಾಗಿ, ರೆಕ್ಕೆ ಕದಲದೆ ಇರಬಹುದು. ಏಣಿ ಹಾಕಿ, ಟಾರ್ಚ್ ಹಿಡಿದು, ರೆಕ್ಕೆಯನ್ನು ಕಣ್ಣಾರೆ ನೋಡದೆ ‘ಪರೀಕ್ಷಿಸಲಾಗಿದೆ’ ಎಂಬ ಸಹಿ ಬೀಳಬಾರದು.

ಜನಸಂಖ್ಯೆಗೆ ತಕ್ಕಂತೆ ಹೊರಗಾಳಿ ಕೊಡುವ ಕಾರ್ಬನ್ ಡೈಆಕ್ಸೈಡ್ ಸೆನ್ಸರ್‌ಗಳಲ್ಲಿ ಒಂದು ಬಚ್ಚಿಟ್ಟ ಗುಣವಿದೆ. ಹಲವು ಮಾದರಿಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನು ಹೊರಗಾಳಿಯ 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಪಾಲು) ಎಂದುಕೊಂಡು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ರಾತ್ರಿ ಖಾಲಿಯಾಗುವ ಕಚೇರಿಗೆ ಇದು ಸರಿ. ಆಸ್ಪತ್ರೆಯಂತೆ ದಿನದ 24 ಗಂಟೆ ಜನರಿರುವ ಕಡೆ ಅಳತೆ 600ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸೆನ್ಸರ್ ಅದನ್ನೇ 400 ಎಂದುಕೊಂಡು, ಅಲ್ಲಿಂದ ಮುಂದೆ 200 ಕಡಿಮೆ ತೋರಿಸುತ್ತದೆ. ವಿದ್ಯುತ್ ಉಳಿಯುತ್ತದೆ, ಒಳಗಿದ್ದವರ ಉಸಿರಿನ ಲೆಕ್ಕದಲ್ಲಿ. ಅಂಥ ಕಡೆ ಈ ಸ್ವಯಂ ತಿದ್ದುಪಡಿಯನ್ನು ಆರಿಸಿಟ್ಟು, ಗೊತ್ತಿರುವ ಅನಿಲದಿಂದ ಕಾಲಕಾಲಕ್ಕೆ ಹೊಂದಿಸಬೇಕು.

ಮೀಟರ್‌ಗಳ ವಿಷಯ. ದೊಡ್ಡ ಕಟ್ಟಡಗಳಲ್ಲಿ ಹವಾನಿಯಂತ್ರಣ, ಒಳಬೆಳಕು, ಹೊರಬೆಳಕು, ಪ್ಲಗ್‌ಗಳ ಬಳಕೆಯನ್ನು ಬೇರೆಬೇರೆಯಾಗಿ, 15 ನಿಮಿಷಕ್ಕೊಮ್ಮೆ ದಾಖಲಿಸಿ, 36 ತಿಂಗಳು ಇಟ್ಟುಕೊಳ್ಳಬೇಕೆನ್ನುತ್ತದೆ 90.1. ಇದು ಮೀಟರ್ ಕೊಳ್ಳುವ ಕೆಲಸವೆಂದು ತಿಳಿದರೆ ಕೆಟ್ಟೆವು. ಬೆಳಕಿನ ಮತ್ತು ಪ್ಲಗ್‌ಗಳ ಸರ್ಕ್ಯೂಟ್ ಒಂದೇ ಪ್ಯಾನೆಲ್ ಬೋರ್ಡಿನಲ್ಲಿ ಬೆರೆತಿದ್ದರೆ ಯಾವ ಮೀಟರೂ ಅವನ್ನು ಬಿಡಿಸಿ ಹೇಳಲಾರದು. ನಕ್ಷೆಯಲ್ಲಿ ಬೇರೆ ಮಾಡಲು ಒಂದು ಗೆರೆ ಸಾಕು, ಆಮೇಲಾದರೆ ಗೋಡೆ ಅಗೆಯಬೇಕು. ಅಳವಡಿಸಿದ ಮೇಲೆ, ತಂತಿಯ ವಿದ್ಯುತ್ ಪ್ರವಾಹವನ್ನು ಮೀಟರಿಗೆ ತಕ್ಕಂತೆ ಇಳಿಸಿ ಕೊಡುವ ಸಿ.ಟಿ.ಯ (ಕರೆಂಟ್ ಟ್ರಾನ್ಸ್‌ಫಾರ್ಮರ್) ದಿಕ್ಕು ನೋಡಿ. ಮೂರು ಫೇಸ್‌ಗಳಲ್ಲಿ ಒಂದರದ್ದು ತಿರುವಾಗಿ ಕೂತರೆ ಎರಡು ಕೂಡಿ ಒಂದು ಕಳೆದು, ಸಮತೋಲನದ ಲೋಡಿಗೆ ನಿಜದ ಮೂರನೇ ಒಂದು ಭಾಗ ಮಾತ್ರ ತೋರಿಸುತ್ತದೆ; ಮಾಲೀಕರು ಉಳಿತಾಯವಾಯಿತೆಂದು ಬೀಗುತ್ತಾರೆ. 200/5ರ ಸಿ.ಟಿ. ಇಟ್ಟು ಮೀಟರಿನಲ್ಲಿ 100/5 ಎಂದು ತುಂಬಿದರೂ ಅರ್ಧವೇ ಕಾಣುತ್ತದೆ. ಉಪಮೀಟರ್‌ಗಳ ಮೊತ್ತವನ್ನು ಮುಖ್ಯ ಮೀಟರಿನೊಂದಿಗೆ ಒಂದು ದಿನ ತಾಳೆ ನೋಡಿದರೆ ಎರಡೂ ಬಯಲಾಗುತ್ತವೆ.

ಆದ್ದರಿಂದ ಸಂಹಿತೆ ಜಾರಿ ಮಾಡುವವರಲ್ಲಿ ನಮ್ಮ ಬೇಡಿಕೆ ಹೊಸ ಅಂಕಿಗಳದ್ದಲ್ಲ. ಸ್ವಾಧೀನ ಪತ್ರ ಕೊಡುವ ಮುನ್ನ ನಾಲ್ಕು ಹಾಳೆ ಕೇಳಿ: ದಿನಾಂಕ ಸಹಿತ ಗಾಳಿ ಸೋರಿಕೆಯ ಅಳತೆ, ಪೀಠೋಪಕರಣ ಬಂದ ಮೇಲೆ ಸೆನ್ಸರ್ ಹೊಂದಿಸಿದ ದಾಖಲೆ, ಗಾಳಿಯನ್ನು ತಂಪು ಮಾಡಿ ಡಕ್ಟಿಗೆ ಊದುವ ಪ್ರತಿ ಎ.ಎಚ್.ಯು. ಘಟಕದ ಕಾರ್ಯಪರೀಕ್ಷೆ, ಮೀಟರ್‌ಗಳ ತಾಳೆ ಪಟ್ಟಿ. ಪರೀಕ್ಷೆ ಮಾಡುವವರು ಅಳವಡಿಸಿದ ಗುತ್ತಿಗೆದಾರನ ಸಂಬಳದ ಮೇಲಿರಬಾರದು. ಇದಕ್ಕೆ ಖರ್ಚಿಲ್ಲವೆಂದಲ್ಲ, ಸಮಯವೂ ಹಿಡಿಯುತ್ತದೆ. ಅದಕ್ಕೇ ಟೆಂಡರ್ ದಾಖಲೆಯಲ್ಲೇ ಪ್ರತ್ಯೇಕ ಬಾಬ್ತಾಗಿ, ದಿನಗಳ ಲೆಕ್ಕದೊಂದಿಗೆ, ಸೇರಿಸಬೇಕು. ಕೊನೆಯ ವಾರಕ್ಕೆ ತಳ್ಳಿದ ಪರೀಕ್ಷೆ ರಿಬ್ಬನ್ ಕತ್ತರಿಸುವ ದಿನದ ಗಡಿಬಿಡಿಗೆ ಬಲಿಯಾಗುತ್ತದೆ.

ಇನ್ನು ಮಾಲೀಕರಿಗೆ. ಬೇಸಿಗೆಯಲ್ಲಿ ಕೈಸೇರಿದ ಕಟ್ಟಡದ ಚಳಿಗಾಲದ ನಿಯಂತ್ರಣವನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಒಂದು ವರ್ಷದ ವಾರಂಟಿ ಇದ್ದರೆ ಹತ್ತನೇ ತಿಂಗಳೊಳಗೆ ವಿರುದ್ಧ ಋತುವಿನ ಪರೀಕ್ಷೆಯನ್ನೂ ಮುಗಿಸಿ ದೋಷಗಳ ಪಟ್ಟಿಯನ್ನು ಲಿಖಿತವಾಗಿ ಕೊಡಿ. ಹದಿಮೂರನೇ ತಿಂಗಳಲ್ಲಿ ಕಂಡ ಮುರಿದ ಡ್ಯಾಂಪರ್‌ನ ಬಿಲ್ಲು ನಿಮ್ಮದೇ.

ಇಂತಿ,
ಕಟ್ಟಡಗಳ ಇಂಧನ ತಪಾಸಣೆಯಲ್ಲಿ ತೊಡಗಿರುವ ಎಂಜಿನಿಯರ್‌ಗಳು